ವೆಂಟಿಲೇಟರ್ ಮೇಲಿರುವವರಿಗೆ ನ್ಯುಮೋನಿಯಾ ತಗಲದಿರಲು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸಿಸುವ ನಮಗೆ ದೊಡ್ಡ ಆಸ್ಪತ್ರೆಗಳು ಹೊಸತಲ್ಲ. ಜಯನಗರದ ಸರ್ಕಾರಿ ಜನರಲ್ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, ಅಪಘಾತಕ್ಕೀಡಾದವರನ್ನು ಕರೆದೊಯ್ಯುವ ಸಂಜಯ ಗಾಂಧಿ ಆಸ್ಪತ್ರೆ, ಹೊಸೂರು ರಸ್ತೆಯ ನಿಮ್ಹಾನ್ಸ್, ಬಿಟಿಎಂ ಬಡಾವಣೆಗೆ ಸಮೀಪದ ಸೇಂಟ್ ಜಾನ್ಸ್, ಇವಲ್ಲದೆ ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಹತ್ತಾರು ಖಾಸಗಿ ಆಸ್ಪತ್ರೆಗಳು. ಇವುಗಳಲ್ಲಿ ಯಾವುದಾದರೊಂದರ ತೀವ್ರ ನಿಗಾ ಘಟಕದ, ಅಂದರೆ ನಾವೆಲ್ಲರೂ ಕರೆಯುವಂತೆ ಐಸಿಯುವಿನ, ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ರಾತ್ರಿ ಕಳೆಯದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಸಿಗುವುದು ಕಷ್ಟ. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆ ಬಂದಾಗ ಒಂದು ವೆಂಟಿಲೇಟರ್ ಹಾಸಿಗೆಗಾಗಿ ಜನರು ಊರೆಲ್ಲ ಅಲೆದದ್ದನ್ನು ನಾವು ಮರೆತಿಲ್ಲ.

ಹಾಸಿಗೆ ಸಿಕ್ಕಿತು, ವೆಂಟಿಲೇಟರ್ ಹಾಕಿದರು, ಇನ್ನು ಜೀವಕ್ಕೆ ಭಯವಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ನಾಲ್ಕಾರು ದಿನಗಳಲ್ಲಿ ವೈದ್ಯರು ಹೊರಗೆ ಬಂದು, “ಶ್ವಾಸಕೋಶದಲ್ಲಿ ಸೋಂಕು ಕಾಣಿಸಿಕೊಂಡಿದೆ, ನ್ಯುಮೋನಿಯಾ ಆಗಿದೆ” ಎನ್ನುತ್ತಾರೆ. ಬಂದದ್ದು ಪಾರ್ಶ್ವವಾಯುವಿಗೆ ಅಥವಾ ತಲೆಗೆ ಬಿದ್ದ ಏಟಿಗೆ, ಈಗ ನ್ಯುಮೋನಿಯಾ ಎಲ್ಲಿಂದ ಬಂತು? ಯಂತ್ರವೇ ರೋಗ ತಂದಿತೇ? ಆಸ್ಪತ್ರೆಯವರು ಅಲಕ್ಷ್ಯ ಮಾಡಿದರೇ? ಈ ಪ್ರಶ್ನೆಗಳು ಮನೆಯವರ ಮನಸ್ಸನ್ನು ಕೊರೆಯುತ್ತವೆ. ಹೇಳುವವರಿಗೆ ಬಿಡುವಿಲ್ಲ, ಕೇಳುವವರಿಗೆ ಧೈರ್ಯವಿಲ್ಲ.

ಈ ನ್ಯುಮೋನಿಯಾ ಹೇಗೆ ಬರುತ್ತದೆ, ಅದನ್ನು ತಡೆಯಲು ಏನು ಮಾಡುತ್ತಾರೆ, ಅದರಲ್ಲಿ ಮನೆಯವರ ಪಾಲೇನು ಎಂಬುದನ್ನು ತಿಳಿದುಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಒಂದು ಮಾತನ್ನು ಮೊದಲೇ ಹೇಳಬಹುದು. ಇದನ್ನು ತಡೆಯುವ ಉಪಾಯಗಳಲ್ಲಿ ಹೆಚ್ಚಿನವು ದುಬಾರಿ ಔಷಧಿಗಳಲ್ಲ. ಹಾಸಿಗೆಯ ತಲೆಭಾಗವನ್ನು ಎತ್ತರಿಸುವುದು, ಬಾಯಿ ಶುಚಿ ಮಾಡುವುದು, ಕೈ ತೊಳೆಯುವುದು, ಮತ್ತಿನ ಔಷಧಿಯನ್ನು ಕಡಿಮೆ ಮಾಡುವುದು, ಇಂಥ ಸಣ್ಣ ಕೆಲಸಗಳೇ ಅವು. ಅವನ್ನು ಒಂದು ದಿನವೂ ಬಿಡದೆ, ಪ್ರತಿ ಪಾಳಿಯಲ್ಲಿಯೂ ಮಾಡಬೇಕು ಎಂಬುದೇ ಅದರ ಗುಟ್ಟು.

ವೆಂಟಿಲೇಟರ್ ಎಂದರೇನು?

ವೆಂಟಿಲೇಟರ್ ರೋಗವನ್ನು ಗುಣಪಡಿಸುವ ಯಂತ್ರವಲ್ಲ. ರೋಗಿಯ ಶ್ವಾಸಕೋಶ, ಮೆದುಳು ಅಥವಾ ಸ್ನಾಯುಗಳು ಉಸಿರಾಟದ ಹೊಣೆಯನ್ನು ಹೊರಲಾರದಾದಾಗ, ಅವು ಚೇತರಿಸಿಕೊಳ್ಳುವವರೆಗೆ ಆ ಹೊಣೆಯನ್ನು ಹೊತ್ತು ಕಾಲಾವಕಾಶ ದೊರಕಿಸಿಕೊಡುವ ಯಂತ್ರ ಅದು. ಬಾಯಿಯ ಮೂಲಕ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಅದರ ಮೂಲಕ ಗಾಳಿಯನ್ನೂ ಆಮ್ಲಜನಕವನ್ನೂ ಒಳಗೆ ತಳ್ಳಲಾಗುತ್ತದೆ.

ಈ ವಿಧಾನ ಬೆಳೆದು ಬಂದ ಕಥೆ ಅರಿಯತಕ್ಕದ್ದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹಬ್ಬಿತು. ಉಸಿರಾಟದ ಸ್ನಾಯುಗಳು ಸೋತು ಮಕ್ಕಳೂ ತರುಣರೂ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವ ಕ್ರಮವನ್ನು ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಆರಂಭಿಸಿದರು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲೂ ರಾತ್ರಿಯೂ ರೋಗಿಗಳ ಪಕ್ಕದಲ್ಲಿ ಕುಳಿತು ಚೀಲವನ್ನು ಒತ್ತಿದರು. ಉಸಿರಾಟ ಸೋತವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದ ಸ್ಥಿತಿ ಹೋಗಿ, ಸಾವಿನ ಸಂಖ್ಯೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದ್ದು ಈ ಅನುಭವದಿಂದ. ವಿದ್ಯಾರ್ಥಿಗಳ ಕೈಗಳು ಮಾಡಿದ ಕೆಲಸವನ್ನು ಈಗ ಯಂತ್ರ ಮಾಡುತ್ತಿದೆ. ಆದರೆ ಹಾಸಿಗೆಯ ಪಕ್ಕದಲ್ಲಿ ಎಚ್ಚರವಾಗಿರುವ ಮನುಷ್ಯರ ಅಗತ್ಯ ಕಡಿಮೆಯಾಗಿಲ್ಲ.

ನ್ಯುಮೋನಿಯಾ ಬರುವ ದಾರಿ

ಬಹಳ ಜನ ತಿಳಿದಿರುವಂತೆ ಈ ಸೋಂಕು ಮುಖ್ಯವಾಗಿ ಯಂತ್ರದ ಗಾಳಿಯಿಂದ ಬರುವುದಿಲ್ಲ. ಅದು ರೋಗಿಯ ಬಾಯಿ ಮತ್ತು ಗಂಟಲಿನಿಂದ ಕೆಳಗಿಳಿಯುತ್ತದೆ.

ನಮ್ಮೆಲ್ಲರ ಬಾಯಿಯಲ್ಲೂ ಕೋಟಿಗಟ್ಟಲೆ ಸೂಕ್ಷ್ಮಾಣುಗಳಿವೆ. ಆರೋಗ್ಯವಂತರು ಜೊಲ್ಲನ್ನು ನುಂಗುತ್ತಾರೆ. ಒಂದು ಹನಿ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋದರೂ ಕೂಡಲೇ ಕೆಮ್ಮು ಬಂದು ಅದನ್ನು ಹೊರಗೆ ಹಾಕುತ್ತದೆ. ಊಟ ಮಾಡುವಾಗ ನೆತ್ತಿಗೆ ಹತ್ತಿತು ಎನ್ನುತ್ತೇವಲ್ಲ, ಅದು ದೇಹದ ಕಾವಲುಗಾರನ ಕೂಗು. ವೆಂಟಿಲೇಟರ್ ಮೇಲಿರುವ ರೋಗಿಗೆ ಈ ಕಾವಲು ಇರುವುದಿಲ್ಲ. ಕೊಳವೆಯು ಗಂಟಲಿನ ಬಾಗಿಲನ್ನು ಸದಾ ತೆರೆದಿಟ್ಟಿರುತ್ತದೆ. ಮತ್ತಿನ ಔಷಧಿಯಿಂದ ಕೆಮ್ಮು ಅಡಗಿರುತ್ತದೆ. ನುಂಗಲು ಆಗುವುದಿಲ್ಲ.

ಕೊಳವೆಯ ತುದಿಯಲ್ಲಿ ಗಾಳಿ ತುಂಬಿದ ಸಣ್ಣ ಬಲೂನಿನಂಥ ಉಂಗುರ ಇರುತ್ತದೆ. ಅದನ್ನು ಕಫ್ ಎನ್ನುತ್ತಾರೆ. ಕೊಳವೆಯ ಸುತ್ತಲಿನ ಸಂದನ್ನು ಮುಚ್ಚಿ ಗಾಳಿ ಹಿಂದಕ್ಕೆ ಸೋರದಂತೆ ಅದು ತಡೆಯುತ್ತದೆ. ಬಾಯಿಯ ಜೊಲ್ಲು, ಮೂಗಿನ ಸಿಂಬಳ, ಕೆಲವೊಮ್ಮೆ ಹೊಟ್ಟೆಯಿಂದ ಮೇಲಕ್ಕೆ ಬಂದ ದ್ರವ, ಇವೆಲ್ಲ ಈ ಉಂಗುರದ ಮೇಲೆ ಕೆರೆಯ ನೀರಿನಂತೆ ನಿಲ್ಲುತ್ತವೆ. ಉಂಗುರದ ಮಡಿಕೆಗಳ ಮೂಲಕ ಹನಿಹನಿಯಾಗಿ ಕೆಳಗೆ ಜಿನುಗುತ್ತವೆ. ಕೊಳವೆಯ ಒಳಗೋಡೆಯ ಮೇಲೂ ದಿನ ಕಳೆದಂತೆ ಲೋಳೆಯ ಪದರ ಬೆಳೆದು, ಅದರಲ್ಲಿ ಸೂಕ್ಷ್ಮಾಣುಗಳು ಮನೆ ಮಾಡಿಕೊಳ್ಳುತ್ತವೆ. ಕೊಳವೆ ಹಾಕಿ 48 ಗಂಟೆಗಳು ಕಳೆದ ಮೇಲೆ ಹೀಗೆ ಕಾಣಿಸಿಕೊಳ್ಳುವ ನ್ಯುಮೋನಿಯಾವನ್ನು ವೈದ್ಯರು ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ ಎಂದು ಕರೆಯುತ್ತಾರೆ.

ಇಷ್ಟು ತಿಳಿದರೆ ಮುಂದಿನದೆಲ್ಲ ಸುಲಭ. ಜೊಲ್ಲು ಕೆಳಗಿಳಿಯದಂತೆ ಮಾಡಬೇಕು, ಅದರಲ್ಲಿ ಸೂಕ್ಷ್ಮಾಣುಗಳು ಕಡಿಮೆಯಿರುವಂತೆ ನೋಡಿಕೊಳ್ಳಬೇಕು, ಕೊಳವೆಯನ್ನು ಆದಷ್ಟು ಬೇಗ ತೆಗೆಯಬೇಕು. ತಡೆಯುವ ಎಲ್ಲ ಕ್ರಮಗಳೂ ಈ ಮೂರರಲ್ಲಿ ಅಡಗಿವೆ.

ಇದು ಎಷ್ಟು ಗಂಭೀರ?

ನಮ್ಮ ದೇಶದ ಏಳು ನಗರಗಳ ತೀವ್ರ ನಿಗಾ ಘಟಕಗಳಲ್ಲಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ರೋಗಿಗಳು ವೆಂಟಿಲೇಟರ್ ಮೇಲೆ ಕಳೆದ ಪ್ರತಿ 1000 ದಿನಗಳಿಗೆ ಸುಮಾರು 10 ನ್ಯುಮೋನಿಯಾ ಪ್ರಕರಣಗಳು ಅದರಲ್ಲಿ ಕಂಡುಬಂದವು. ಆಸ್ಪತ್ರೆಯಿಂದ ಆಸ್ಪತ್ರೆಗೆ ಈ ಸಂಖ್ಯೆ ಬದಲಾಗುತ್ತದೆ. ಆದರೆ ಒಬ್ಬ ರೋಗಿ ಹೆಚ್ಚು ದಿನ ವೆಂಟಿಲೇಟರ್ ಮೇಲಿದ್ದಷ್ಟೂ ಸೋಂಕಿನ ಸಾಧ್ಯತೆ ಕೂಡುತ್ತಾ ಹೋಗುತ್ತದೆ ಎಂಬುದು ಎಲ್ಲ ಕಡೆಯೂ ಒಂದೇ.

ನಮ್ಮ ಪಕ್ಕದಲ್ಲೇ ಇರುವ ನಿಮ್ಹಾನ್ಸ್ ಸಂಸ್ಥೆಯ ಅನುಭವ ಇಲ್ಲಿ ಉಪಯುಕ್ತ. ಗಿಯಾನ್ ಬಾರೆ ಎಂಬ ನರರೋಗದಲ್ಲಿ ಕಾಲುಗಳಿಂದ ಆರಂಭವಾದ ನಿಶ್ಶಕ್ತಿ ಮೇಲಕ್ಕೇರಿ, ಕೆಲವರಲ್ಲಿ ಉಸಿರಾಟದ ಸ್ನಾಯುಗಳನ್ನೂ ಆವರಿಸುತ್ತದೆ. ಇದು ಬಹುಮಟ್ಟಿಗೆ ವಾಸಿಯಾಗುವ ಕಾಯಿಲೆ, ಆದರೆ ಅಲ್ಲಿಯವರೆಗೆ ವಾರಗಟ್ಟಲೆ ವೆಂಟಿಲೇಟರ್ ಬೇಕಾಗಬಹುದು. 1984ರಿಂದ 2007ರವರೆಗೆ ಹೀಗೆ ವೆಂಟಿಲೇಟರ್ ಮೇಲಿದ್ದ 273 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ನಿಮ್ಹಾನ್ಸ್ ವೈದ್ಯರು 2011ರಲ್ಲಿ ವರದಿ ಪ್ರಕಟಿಸಿದರು. ತೀರಿಕೊಂಡವರು ನೂರಕ್ಕೆ ಸುಮಾರು ಹನ್ನೆರಡು ಮಂದಿ. ಉಳಿದವರು ಬದುಕಿದರು. ಸಾವಿಗೆ ಸಂಬಂಧಪಟ್ಟ ಅಂಶಗಳಲ್ಲಿ ಇಳಿವಯಸ್ಸು ಮುಂತಾದವುಗಳ ಜೊತೆಗೆ ಶ್ವಾಸಕೋಶದ ತೊಡಕುಗಳೂ ಇದ್ದವು. ಮೂಲ ಕಾಯಿಲೆ ತಾನಾಗಿ ವಾಸಿಯಾಗುತ್ತಿರುವಾಗ, ನಡುವೆ ಬಂದ ತೊಡಕು ಜೀವವನ್ನು ಕಸಿದುಕೊಳ್ಳಬಾರದು. ತಡೆಗಟ್ಟುವ ಶ್ರಮದ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಐಸಿಯುಗಳಲ್ಲಿ ನೆಲೆಸುವ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಗಳು ಅನೇಕ ಆ್ಯಂಟಿಬಯಾಟಿಕ್ ಔಷಧಿಗಳಿಗೆ ಬಗ್ಗುವುದಿಲ್ಲ. ಬಂದ ಮೇಲೆ ಚಿಕಿತ್ಸೆ ಕೊಡುವುದು ಕಷ್ಟ, ಖರ್ಚೂ ಹೆಚ್ಚು. ಐಸಿಯುವಿನಲ್ಲಿ ಒಂದು ವಾರ ಹೆಚ್ಚಿಗೆ ಉಳಿಯುವುದೆಂದರೆ ಮಗಳ ಮದುವೆಗೆ ಕೂಡಿಟ್ಟ ಹಣ ಕರಗುವುದು, ಒಡವೆ ಅಡವಿಡುವುದು ಎಂದೇ ನಮ್ಮ ಎಷ್ಟೋ ಕುಟುಂಬಗಳಿಗೆ ಅರ್ಥ.

ತಡೆಯುವ ಕ್ರಮಗಳು

1. ಕೊಳವೆಯೇ ಬೇಡವಾದರೆ ಅತ್ಯುತ್ತಮ. ಎಲ್ಲ ರೋಗಿಗಳಿಗೂ ಶ್ವಾಸನಾಳಕ್ಕೆ ಕೊಳವೆ ಹಾಕಲೇಬೇಕೆಂದಿಲ್ಲ. ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಯಂತ್ರದಿಂದ ಗಾಳಿ ಕೊಡುವುದು, ಮೂಗಿನ ಮೂಲಕ ಹೆಚ್ಚಿನ ವೇಗದಲ್ಲಿ ಆಮ್ಲಜನಕ ಕೊಡುವುದು ಕೆಲವರಿಗೆ ಸಾಕಾಗುತ್ತದೆ. ಯಾರಿಗೆ ಇದು ಸಾಕು, ಯಾರಿಗೆ ಸಾಲದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಾಸ್ಕ್ ಹಾಕಿದ್ದಾರೆ, ವೆಂಟಿಲೇಟರ್ ಯಾಕೆ ಹಾಕಿಲ್ಲ ಎಂದು ಮನೆಯವರು ಒತ್ತಾಯಿಸುವುದು ಸರಿಯಲ್ಲ.

2. ತಲೆಭಾಗ ಎತ್ತರದಲ್ಲಿರಲಿ. ಅಂಗಾತ ಮಲಗಿದರೆ ಹೊಟ್ಟೆಯ ದ್ರವ ಸುಲಭವಾಗಿ ಗಂಟಲಿಗೆ ಬರುತ್ತದೆ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿಗಳಷ್ಟು ಎತ್ತರಿಸಿದರೆ ಅದು ಕೆಳಗೇ ಉಳಿಯುತ್ತದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 86 ರೋಗಿಗಳ ಮೇಲೆ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಾತ ಮಲಗಿಸಿದವರಲ್ಲಿ ನೂರಕ್ಕೆ 34 ಮಂದಿಗೆ ನ್ಯುಮೋನಿಯಾದ ಲಕ್ಷಣಗಳು ಕಾಣಿಸಿಕೊಂಡರೆ, ತಲೆಭಾಗ ಎತ್ತರಿಸಿದವರಲ್ಲಿ ನೂರಕ್ಕೆ 8 ಮಂದಿಗೆ ಮಾತ್ರ ಕಾಣಿಸಿಕೊಂಡವು. 45 ಡಿಗ್ರಿಯಲ್ಲೇ ಇಡೀ ದಿನ ಇರಿಸುವುದು ಕಷ್ಟವೆಂದು ನೆದರ್ಲೆಂಡ್ಸಿನ 2006ರ ಅಧ್ಯಯನವೊಂದು ತೋರಿಸಿತು. ಆದರೂ ತಲೆಭಾಗ ಎತ್ತರಿಸುವ ಕ್ರಮ ಇಂದಿಗೂ ಎಲ್ಲ ಕಡೆ ಉಳಿದಿದೆ. ಬೆನ್ನುಮೂಳೆಗೆ ಏಟು ಬಿದ್ದಿದ್ದರೆ, ರಕ್ತದೊತ್ತಡ ತೀರಾ ಇಳಿದಿದ್ದರೆ ಹಾಗೆ ಎತ್ತರಿಸಲಾಗದು.

3. ದಿನಕ್ಕೊಮ್ಮೆ ಎಚ್ಚರಿಸಬೇಕು. ಕೊಳವೆಯ ನೋವು, ಭಯ ತಿಳಿಯದಿರಲೆಂದು ರೋಗಿಗೆ ಮತ್ತಿನ ಔಷಧಿ ಕೊಡುತ್ತಾರೆ. ಅದು ಅಗತ್ಯಕ್ಕಿಂತ ಹೆಚ್ಚಾದರೆ ಕೆಮ್ಮು ಅಡಗುತ್ತದೆ, ಸ್ನಾಯುಗಳು ಸೊರಗುತ್ತವೆ, ಕೊಳವೆ ತೆಗೆಯುವುದು ತಡವಾಗುತ್ತದೆ. ಅಮೆರಿಕದ ಶಿಕಾಗೋದಲ್ಲಿ 128 ರೋಗಿಗಳ ಮೇಲೆ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿದಿನ ಮತ್ತಿನ ಔಷಧಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಚ್ಚರಿಸಿದವರು ಸುಮಾರು 5 ದಿನಗಳಲ್ಲಿ ವೆಂಟಿಲೇಟರ್‌ನಿಂದ ಹೊರಬಂದರು. ಉಳಿದವರಿಗೆ 7 ದಿನಗಳಿಗೂ ಹೆಚ್ಚು ಬೇಕಾಯಿತು. ಆದ್ದರಿಂದ ಈಗ ಮತ್ತನ್ನು ಆದಷ್ಟು ಹಗುರವಾಗಿಡುತ್ತಾರೆ. ಸ್ಥಿತಿ ಅನುಕೂಲವಾಗಿದ್ದರೆ ಪ್ರತಿದಿನ ರೋಗಿ ತಾನೇ ಉಸಿರಾಡಬಲ್ಲನೇ ಎಂದು ಪರೀಕ್ಷಿಸುತ್ತಾರೆ.

4. ಬಾಯಿಯ ಶುಚಿತ್ವ. ಪ್ರಜ್ಞೆಯಿಲ್ಲದ ರೋಗಿಯ ಹಲ್ಲುಗಳನ್ನೂ ಪ್ರತಿದಿನ ಬ್ರಷ್‌ನಿಂದ ಉಜ್ಜಬೇಕು. ಇದು ಅಂದಕ್ಕಾಗಿ ಅಲ್ಲ, ಶ್ವಾಸಕೋಶದ ರಕ್ಷಣೆಗಾಗಿ. 15 ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಹಲ್ಲುಜ್ಜಿದ ರೋಗಿಗಳಲ್ಲಿ ಆಸ್ಪತ್ರೆಯಲ್ಲಿ ತಗಲುವ ನ್ಯುಮೋನಿಯಾ ಮೂರನೇ ಒಂದು ಭಾಗದಷ್ಟು ಕಡಿಮೆ. ಈ ಲಾಭ ಹೆಚ್ಚಾಗಿ ಕಂಡದ್ದು ವೆಂಟಿಲೇಟರ್ ಮೇಲಿದ್ದವರಲ್ಲಿ. ಹಿಂದೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರಾವಣದಿಂದ ಬಾಯಿ ಒರೆಸುವುದೇ ಮುಖ್ಯವೆಂದು ಭಾವಿಸಿದ್ದರು. ಅದರಿಂದ ನಿರೀಕ್ಷಿಸಿದ ಲಾಭವಿಲ್ಲ, ಹಾನಿಯೂ ಇರಬಹುದು ಎಂಬ ಸಂಶಯ ಬಂದುದರಿಂದ, ಅಮೆರಿಕದ ತಜ್ಞ ಸಂಘಗಳು 2022ರಲ್ಲಿ ಹಲ್ಲುಜ್ಜುವುದನ್ನು ಉಳಿಸಿಕೊಂಡು ಆ ದ್ರಾವಣವನ್ನು ಸಾಮಾನ್ಯವಾಗಿ ಬಳಸಬೇಡಿ ಎಂದು ಸೂಚಿಸಿದವು.

5. ಕೊಳವೆಯ ಆರೈಕೆ. ಉಂಗುರದಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ಜೊಲ್ಲು ಸೋರುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ಹುಣ್ಣಾಗುತ್ತದೆ. ಸಣ್ಣ ಮಾಪಕದಿಂದ ಅಳೆದು ಅದನ್ನು 20ರಿಂದ 30 ಸೆಂಟಿಮೀಟರ್ ನೀರಿನ ಒತ್ತಡದಷ್ಟು ಇಡುತ್ತಾರೆ. ಕೆಲವು ಕೊಳವೆಗಳಲ್ಲಿ ಉಂಗುರದ ಮೇಲೆ ನಿಂತ ದ್ರವವನ್ನು ಹೀರಿ ತೆಗೆಯಲು ಬೇರೊಂದು ಸಣ್ಣ ದಾರಿ ಇರುತ್ತದೆ. ಎರಡು ಮೂರು ದಿನಗಳಿಗಿಂತ ಹೆಚ್ಚು ಕಾಲ ವೆಂಟಿಲೇಟರ್ ಬೇಕಾಗಬಹುದಾದವರಿಗೆ ಅಂಥದ್ದು ಉಪಯುಕ್ತ. ಯಂತ್ರದ ಉದ್ದನೆಯ ಪೈಪುಗಳನ್ನು ದಿನವೂ ಬದಲಿಸಬೇಕಾಗಿಲ್ಲ. ಕೊಳೆಯಾದರೆ ಅಥವಾ ಕೆಟ್ಟರೆ ಮಾತ್ರ ಬದಲಿಸಬೇಕು, ಏಕೆಂದರೆ ಪದೇ ಪದೇ ಬಿಚ್ಚಿ ಜೋಡಿಸುವುದರಿಂದ ಲಾಭವಿಲ್ಲ.

6. ಕೈ ಶುಚಿತ್ವ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಸೂಕ್ಷ್ಮಾಣುಗಳನ್ನು ಹೊತ್ತೊಯ್ಯುವ ಮುಖ್ಯ ವಾಹನ ನಮ್ಮ ಕೈಗಳೇ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕೈ ತೊಳೆಯುವ ನಿಯಮ ತಂದು ಬಾಣಂತಿಯರ ಸಾವನ್ನು ಬಹಳಷ್ಟು ತಗ್ಗಿಸಿದರು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ನಂತರ, ಕೊಳವೆಯ ಕೆಲಸಕ್ಕೆ ಮೊದಲು, ಕಫ ಮುಂತಾದವು ತಾಗಿದ ನಂತರ, ಹಾಸಿಗೆ ಮಂಚಗಳನ್ನು ಮುಟ್ಟಿದ ನಂತರ ಕೈ ಶುಚಿ ಮಾಡಿಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಕೈಗವಸು ಹಾಕಿಕೊಂಡರೆ ಕೈ ತೊಳೆಯಬೇಕಾಗಿಲ್ಲ ಎಂಬುದು ತಪ್ಪು ತಿಳಿವಳಿಕೆ.

7. ಆಹಾರ ಮತ್ತು ಚಲನೆ. ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಿಂದ ಬೇಗನೆ ಆಹಾರ ಕೊಡಲು ತೊಡಗಿದರೆ ದೇಹಕ್ಕೆ ಶಕ್ತಿ ಉಳಿಯುತ್ತದೆ. ಕೈಕಾಲು ಆಡಿಸುವುದು, ಸಾಧ್ಯವಾದವರನ್ನು ಹಾಸಿಗೆಯಲ್ಲಿ ಕೂರಿಸುವುದು, ಎದೆಯ ಕಫ ಸಡಿಲವಾಗುವಂತೆ ಮಾಡುವುದು, ಇದು ಫಿಸಿಯೋಥೆರಪಿಯವರ ಕೆಲಸ. ರೋಗಿಗೆ ತೊಂದರೆ ಕೊಡುತ್ತಿದ್ದಾರೆ ಎಂದು ಮನೆಯವರು ಮರುಗುವುದುಂಟು, ಆದರೆ ಯಂತ್ರದಿಂದ ಬಿಡುಗಡೆಗೆ ಇದೂ ದಾರಿ.

ಒಟ್ಟಾಗಿ ಮಾಡಿದಾಗಲೇ ಫಲ

ಈ ಕ್ರಮಗಳಲ್ಲಿ ಯಾವೊಂದೂ ಮಂತ್ರದಂಡವಲ್ಲ. 2004ರ ಕೊನೆಯಲ್ಲಿ ಅಮೆರಿಕದಲ್ಲಿ ಆರಂಭವಾದ, ಒಂದು ಲಕ್ಷ ಜೀವಗಳನ್ನು ಉಳಿಸುವ ಗುರಿಯ ಆಂದೋಲನವೊಂದು ಇಂಥ ಕೆಲವು ಕ್ರಮಗಳನ್ನು ಒಂದೇ ಕಂತೆಯಾಗಿ ಕಟ್ಟಿ, ಎಲ್ಲ ರೋಗಿಗಳಿಗೂ ಎಲ್ಲವನ್ನೂ ಪ್ರತಿದಿನ ಮಾಡಬೇಕೆಂದು ಆಸ್ಪತ್ರೆಗಳನ್ನು ಕೇಳಿಕೊಂಡಿತು. ಉಳಿದವನ್ನೆಲ್ಲ ಮಾಡಿ ಒಂದನ್ನು ಮರೆತರೂ ಆ ದಿನದ ಲೆಕ್ಕ ಪೂರ್ತಿಯಾಗಲಿಲ್ಲ ಎಂದರ್ಥ. ಆ ಮೇಲೆ ಕಂತೆಯಲ್ಲಿ ಕೆಲವು ಸೇರಿವೆ, ಕೆಲವು ಬಿಟ್ಟಿವೆ, ಆದರೆ ಒಟ್ಟಾಗಿ ಮಾಡಬೇಕೆಂಬ ತತ್ವ ನಿಂತಿದೆ. ಇಂದು ನಮ್ಮೂರಿನ ಅನೇಕ ಐಸಿಯುಗಳಲ್ಲಿ ಹಾಸಿಗೆಯ ತುದಿಗೆ ಗುರುತು ಹಾಕುವ ಪಟ್ಟಿಯೊಂದು ತೂಗುವುದನ್ನು ನೀವು ಕಾಣಬಹುದು.

ಈ ಪಟ್ಟಿಗೆ ಗುರುತು ಹಾಕುವವರು ಯಾರು? ಹೆಚ್ಚಾಗಿ ನರ್ಸ್‌ಗಳು. ನರ್ಸ್ ವೃತ್ತಿಯಲ್ಲಿ ಮಗಳೋ ಸೊಸೆಯೋ ಇರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ. ಭಾರತದ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆವರಣದಲ್ಲಿಯೂ ನರ್ಸಿಂಗ್ ಕಲಿತು ಹೊರಬಂದವರು ಅನೇಕರು. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಒಪ್ಪಿತವಾದ ಅಳತೆ. ಒಬ್ಬಳೇ ಮೂರು ಹಾಸಿಗೆಗಳ ನಡುವೆ ಓಡಾಡುತ್ತಿದ್ದರೆ, ಎಷ್ಟೇ ನಿಷ್ಠೆಯಿದ್ದರೂ ಹಲ್ಲುಜ್ಜಲು, ಪ್ರತಿ ಸಾರಿ ಕೈ ತೊಳೆಯಲು ಸಮಯವೆಲ್ಲಿಂದ ಬರಬೇಕು? ಆಸ್ಪತ್ರೆ ನಡೆಸುವವರು ಸಾಕಷ್ಟು ನರ್ಸ್‌ಗಳನ್ನು ನೇಮಿಸಿ ತಕ್ಕ ಸಂಬಳ ಕೊಡುವುದೂ ನ್ಯುಮೋನಿಯಾ ತಡೆಯುವ ಕ್ರಮವೇ.

ಮನೆಯವರ ಪಾಲು

ಐಸಿಯುವಿನ ಹೊರಗೆ ಕುಳಿತವರಿಗೆ ತಾವು ಏನೂ ಮಾಡಲಾರೆವಲ್ಲಾ ಎಂಬ ಸಂಕಟ. ಹಾಗೇನಿಲ್ಲ, ಅವರಿಂದಲೂ ಆಗಬೇಕಾದ ಕೆಲಸಗಳಿವೆ.

ಮೊದಲನೆಯದು, ಒಳಗೆ ಹೋಗುವವರ ಸಂಖ್ಯೆ. ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ತಪ್ಪು ತಿಳಿಯುತ್ತಾರೆಂದು ನೆಂಟರು, ನೆರೆಯವರು, ಪ್ರಾರ್ಥನಾ ಕೂಟದವರು ಸಾಲಾಗಿ ಬರುತ್ತಾರೆ. ಮನೆಯಿಂದ ಒಬ್ಬಿಬ್ಬರನ್ನು ಗೊತ್ತು ಮಾಡಿ ಅವರೇ ದಿನವೂ ಹೋಗುವುದು ಉತ್ತಮ. ಉಳಿದವರಿಗೆ ಹೊರಗಿನಿಂದಲೇ ಸುದ್ದಿ ತಿಳಿಸಬಹುದು. ನೆಗಡಿ, ಕೆಮ್ಮು, ಜ್ವರ ಇರುವವರು ಖಂಡಿತ ಹೋಗಬಾರದು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಕೈ ಶುಚಿ ಮಾಡಿಕೊಳ್ಳಿ. ಪಕ್ಕದ ಹಾಸಿಗೆಯ ರೋಗಿಯನ್ನು ಕನಿಕರದಿಂದಲೂ ಮುಟ್ಟಬೇಡಿ.

ಎರಡನೆಯದು, ಬಾಯಿಗೆ ಏನನ್ನೂ ಹಾಕಬಾರದು. ನಾಲಿಗೆ ಒಣಗಿದೆ ಎಂದು ಒಂದು ಚಮಚ ನೀರು, ಲೂರ್ದಿನಿಂದ ತಂದ ನೀರು, ವೇಳಾಂಗಣಿಯಿಂದ ತಂದ ಎಣ್ಣೆ, ಪ್ರೀತಿಯಿಂದಲೇ ಹಾಕಲು ಹೋಗುತ್ತೇವೆ. ನುಂಗಲಾರದ ಬಾಯಿಗೆ ಬಿದ್ದ ಹನಿ ಆ ಉಂಗುರದ ಮೇಲೆ ನಿಂತು ಶ್ವಾಸಕೋಶದ ದಾರಿ ಹಿಡಿಯುತ್ತದೆ. ತುಟಿ ಒಣಗಿದ್ದರೆ ನರ್ಸ್‌ಗೆ ಹೇಳಿ, ಅವರು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಪವಿತ್ರ ಜಲವನ್ನು ಕೊಳವೆ, ಗಾಯ, ಸೂಜಿ ಚುಚ್ಚಿದ ಜಾಗಗಳ ಮೇಲೆ ಚಿಮುಕಿಸಬೇಡಿ. ಜಪಸರವನ್ನು ಕೈಗೆ ಸುತ್ತಿಡುವುದಾದರೆ ಆಸ್ಪತ್ರೆಯವರನ್ನು ಕೇಳಿ, ಶುಚಿಗೊಳಿಸಿ ಇಡಿ.

ಮೂರನೆಯದು, ರೋಗಿಗಳ ಅಭ್ಯಂಗ ಸಂಸ್ಕಾರ. ಬಾಯಿಯಲ್ಲಿ ಕೊಳವೆ ಇರುವವರಿಗೆ ಪರಮ ಪ್ರಸಾದ ಕೊಡಲಾಗದೆಂದು ಮನೆಯವರು ದುಃಖಪಡುತ್ತಾರೆ. ಅಭ್ಯಂಗ ಸಂಸ್ಕಾರಕ್ಕೆ ಅಂಥ ಅಡ್ಡಿಯಿಲ್ಲ. ಪ್ರಜ್ಞೆ ತಪ್ಪಿದವರಿಗೂ, ಪ್ರಜ್ಞೆಯಿದ್ದಿದ್ದರೆ ಅವರು ಅದನ್ನು ಬಯಸುತ್ತಿದ್ದರು ಎಂದಾದರೆ ಕೊಡಬಹುದು. ಅಗತ್ಯ ಬಿದ್ದಾಗ ಹಣೆಯ ಮೇಲೆ ಅಥವಾ ದೇಹದ ಬೇರೆ ಯಾವುದಾದರೂ ಭಾಗದ ಮೇಲೆ ಒಂದೇ ಸಲ ತೈಲ ಲೇಪಿಸಿದರೂ ಸಾಕೆಂದೂ, ಗಂಭೀರ ಕಾರಣವಿದ್ದರೆ ಗುರುಗಳು ಕೈಯ ಬದಲು ಉಪಕರಣ ಬಳಸಬಹುದೆಂದೂ 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಸೋಂಕಿನ ಭಯವಿರುವಲ್ಲಿ ಹತ್ತಿಯ ತುಂಡಿನಿಂದ ಲೇಪಿಸಲು ಇದರಿಂದ ಅವಕಾಶವಿದೆ. ಗುರುಗಳನ್ನು ಕೊನೆಯ ಗಳಿಗೆಗೆ ಕಾಯದೆ ಮೊದಲೇ ಕರೆಸಿ, ವೈದ್ಯರಿಗೂ ತಿಳಿಸಿ.

ನಾಲ್ಕನೆಯದು, ಕೇಳುವುದು. ದಿನಕ್ಕೊಮ್ಮೆ ವೈದ್ಯರು ಮಾತನಾಡಿಸುವ ವೇಳೆಯಲ್ಲಿ ಮರ್ಯಾದೆಯಿಂದ ಕೇಳಿದರೆ ಯಾರೂ ಬೇಸರಪಡುವುದಿಲ್ಲ. “ಡಾಕ್ಟ್ರೇ, ಇವತ್ತು ಅಮ್ಮನನ್ನು ಎಚ್ಚರಿಸಿ ನೋಡಿದಿರಾ? ತಾವೇ ಉಸಿರಾಡೋಕೆ ಆಗುತ್ತಾ?” “ಸಿಸ್ಟರ್, ಅಪ್ಪನ ತಲೆ ಕಡೆ ಸ್ವಲ್ಪ ಇಳಿದ ಹಾಗಿದೆ, ಹಾಗೇ ಇರಬೇಕಾ?” “ಬಾಯಿ ಕ್ಲೀನ್ ಮಾಡೋಕೆ ಬ್ರಷ್ ಏನಾದರೂ ತಂದುಕೊಡಬೇಕಾ?” ಇಷ್ಟೇ ಸಾಕು. ರೋಗಿಯನ್ನು ನೀವೇ ಮೇಲೆತ್ತಲು ಹೋಗಬೇಡಿ, ಕೊಳವೆಯನ್ನು ಮುಟ್ಟಬೇಡಿ. ರೋಗಿಗೆ ಕಟ್ಟಿದ ಹಲ್ಲುಗಳಿದ್ದರೆ, ಹಲ್ಲು ಸಡಿಲವಿದ್ದರೆ, ಧೂಮಪಾನದ ಅಭ್ಯಾಸವಿದ್ದರೆ ಮೊದಲ ದಿನವೇ ತಿಳಿಸಿ.

ಐದನೆಯದು, ತಾಳ್ಮೆ. ಮತ್ತು ಕಡಿಮೆ ಮಾಡಿದಾಗ ರೋಗಿ ಕೈಯಾಡಿಸುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮುತ್ತಾರೆ. ಕರುಳು ಕಿವಿಚಿದಂತಾಗಿ, “ನಿದ್ದೆ ಬರಿಸಿ ಬಿಡಿ ಡಾಕ್ಟ್ರೇ” ಎಂದು ನಾವೇ ಬೇಡಿಕೊಳ್ಳುತ್ತೇವೆ. ನೋವಿಗೆ ಔಷಧಿ ಕೊಟ್ಟಿದ್ದಾರೆಯೇ ಎಂದು ಕೇಳಿ, ಅದು ನಿಮ್ಮ ಹಕ್ಕು. ಆದರೆ ಆ ಎಚ್ಚರ, ಆ ಕೆಮ್ಮು ಶ್ವಾಸಕೋಶದ ಕಾವಲುಗಾರ ಮರಳಿ ಬರುತ್ತಿರುವ ಗುರುತು. ಆಗ ಪಕ್ಕದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ, ಇದು ಯಾವ ದಿನ, ತಾವು ಎಲ್ಲಿದ್ದಾರೆ ಎಂದು ಮೆಲ್ಲಗೆ ಹೇಳಿ. ಕೇಳಿದ ದನಿ ಗಾಬರಿಯನ್ನು ತಗ್ಗಿಸುತ್ತದೆ.

ಹೆಚ್ಚು ದಿನ ವೆಂಟಿಲೇಟರ್ ಬೇಕಾದಾಗ ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಹಾಕಲು ವೈದ್ಯರು ಒಪ್ಪಿಗೆ ಕೇಳಬಹುದು. ಗಂಟಲು ಕತ್ತರಿಸುತ್ತಾರಂತೆ, ಇನ್ನು ಮುಗಿಯಿತು ಎಂದು ಹೆದರುವವರೇ ಹೆಚ್ಚು. ವಾಸ್ತವದಲ್ಲಿ ಬಾಯಿ ಖಾಲಿಯಾಗಿ ಶುಚಿ ಮಾಡುವುದು ಸುಲಭವಾಗುತ್ತದೆ, ಮತ್ತಿನ ಔಷಧಿ ಕಡಿಮೆ ಸಾಕಾಗುತ್ತದೆ, ಯಂತ್ರದಿಂದ ಬಿಡಿಸಲೂ ಅನುಕೂಲ. ಚೇತರಿಸಿಕೊಂಡ ಅನೇಕರಲ್ಲಿ ಕೊಳವೆ ತೆಗೆದ ಮೇಲೆ ಆ ರಂಧ್ರ ಮುಚ್ಚಿಕೊಳ್ಳುತ್ತದೆ.

ಆದರೂ ಸೋಂಕು ಬಂದರೆ?

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವರಿಗೆ ನ್ಯುಮೋನಿಯಾ ಬರುತ್ತದೆ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೊದಲೇ ಶ್ವಾಸಕೋಶ ಕೆಟ್ಟವರು, ತಲೆಗೆ ಪೆಟ್ಟಾದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಆದ್ದರಿಂದ ಸೋಂಕು ಬಂತೆಂದ ಮಾತ್ರಕ್ಕೆ ಅಲಕ್ಷ್ಯವಾಗಿದೆ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಹಾಗೆಂದು, ಐಸಿಯು ಎಂದಮೇಲೆ ಸೋಂಕು ಬಂದೇ ಬರುತ್ತದೆ ಎಂದು ಕೈಚೆಲ್ಲುವ ಆಸ್ಪತ್ರೆಯ ಮಾತನ್ನೂ ಒಪ್ಪಬೇಕಾಗಿಲ್ಲ. ಯಾವ ಕ್ರಮಗಳನ್ನು ಪಾಲಿಸಲಾಗಿದೆ ಎಂದು ವಿವರ ಕೇಳಬಹುದು.

ಜ್ವರ, ಕಫದ ಬಣ್ಣ ಬದಲಾಗುವುದು, ಆಮ್ಲಜನಕ ಹೆಚ್ಚಿಗೆ ಬೇಕಾಗುವುದು, ಎಕ್ಸ್‌ರೇಯಲ್ಲಿ ಹೊಸ ಕಲೆ ಇವು ಇದರ ಲಕ್ಷಣಗಳು. ಕೊಳವೆಯಿಂದ ಕಫ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಪರೀಕ್ಷಿಸುತ್ತಾರೆ. ವರದಿ ಬರಲು ಎರಡು ಮೂರು ದಿನ ಹಿಡಿಯಬಹುದು. ಅಲ್ಲಿಯವರೆಗೆ ಹೆಚ್ಚು ವ್ಯಾಪ್ತಿಯ ಔಷಧಿ ಕೊಟ್ಟು, ವರದಿ ನೋಡಿ ತಕ್ಕದ್ದಕ್ಕೆ ಬದಲಿಸುತ್ತಾರೆ. ಇನ್ನೂ ಪ್ರಬಲವಾದುದನ್ನು, ಇನ್ನೂ ಹೆಚ್ಚು ದಿನ ಕೊಡಿ ಎಂದು ಒತ್ತಾಯಿಸಬೇಡಿ. ಫ್ರಾನ್ಸಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 8 ದಿನ ಔಷಧಿ ಪಡೆದವರು ಬಹುಮಟ್ಟಿಗೆ 15 ದಿನ ಪಡೆದವರಷ್ಟೇ ಚೆನ್ನಾಗಿ ಗುಣಮುಖರಾದರು. ಇಂದು ಹೆಚ್ಚಿನವರಿಗೆ ಸುಮಾರು 7 ದಿನಗಳು ಸಾಕೆನ್ನುತ್ತಾರೆ. ಅನಗತ್ಯವಾಗಿ ಬಳಸಿದ ಪ್ರತಿ ಆ್ಯಂಟಿಬಯಾಟಿಕ್ ನಾಳೆ ಅದೇ ಹಾಸಿಗೆಗೆ ಬರುವ ರೋಗಿಯ ಔಷಧಿಯನ್ನು ನಿಷ್ಫಲ ಮಾಡುತ್ತದೆ.

ಮೊದಲೇ ಮಾಡಬಹುದಾದವು

ಹೃದಯ ಅಥವಾ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಕೆಲವು ವಾರ ಮುಂಚೆಯೇ ಬೀಡಿ ಸಿಗರೇಟು ಬಿಡಿಸಿ. ಹಲ್ಲಿನ ವೈದ್ಯರಿಗೆ ತೋರಿಸಿ, ಕೊಳೆತ ಹಲ್ಲು, ಊದಿದ ವಸಡಿಗೆ ಚಿಕಿತ್ಸೆ ಮಾಡಿಸಿ. ಸಕ್ಕರೆ ಹತೋಟಿಯಲ್ಲಿರಲಿ. ವೈದ್ಯರು ಕಲಿಸಿದ ದೀರ್ಘ ಉಸಿರಾಟದ ವ್ಯಾಯಾಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ವಯಸ್ಸಾದವರಿಗೆ ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆಗಳ ಬಗ್ಗೆ ವೈದ್ಯರನ್ನು ವಿಚಾರಿಸಿ. ಇವು ಕೊಳವೆಯಿಂದ ಬರುವ ಸೋಂಕನ್ನು ನೇರವಾಗಿ ತಡೆಯದಿದ್ದರೂ, ವೆಂಟಿಲೇಟರ್ ಬೇಕಾಗುವಂಥ ಕಾಯಿಲೆಗಳ ಸಾಧ್ಯತೆಯನ್ನು ಕಡಿಮೆ ಮಾಡುತ್ತವೆ.

ಐಸಿಯುವಿನ ಬಾಗಿಲು ಮುಚ್ಚಿದ್ದರೂ ಒಳಗಿನ ಕೆಲಸ ನಮಗೆ ಪೂರ್ತಿ ಅಪರಿಚಿತವಾಗಿರಬೇಕಿಲ್ಲ. ಎತ್ತರಿಸಿದ ದಿಂಬಿನ ಕಡೆ, ಶುಚಿಯಾದ ಬಾಯಿ, ತೊಳೆದ ಕೈ, ಹಗುರವಾದ ಮತ್ತು, ಬೇಗ ತೆಗೆದ ಕೊಳವೆ, ಈ ಐದನ್ನು ನೆನಪಿಡಿ. ನಾಳೆ ನಿಮ್ಮ ನೆರೆಮನೆಯವರು ಆ ಕುರ್ಚಿಯ ಮೇಲೆ ಕುಳಿತು ಕಂಗಾಲಾಗಿದ್ದರೆ, ಊಟದ ಡಬ್ಬಿಯ ಜೊತೆಗೆ ಈ ಐದು ಮಾತುಗಳನ್ನೂ ಕೊಂಡೊಯ್ಯಿರಿ.